ಕಾಡಿನ ಕ್ಯಾಂಪ್, ರಾಶಿ ಮೊಳೆ, ಒಂದು 5 ಸೆಂಟ್ ಟೋಕನ್

[ಮೇಜಿನ ಮೇಲೆ ಮರಳು ತುಂಬಿದ ಟ್ರೇ. ಪಕ್ಕದಲ್ಲಿ ಮೆಟಲ್ ಡಿಟೆಕ್ಟರ್.]

ನಮಸ್ಕಾರ. ಈ ಮರಳೊಳಗೆ ಒಂದು ಹಳೇ ಹಿತ್ತಾಳೆ ನಾಣ್ಯ ಹೂತಿದೀನಿ. ಕೇಳಿ.

[ಬೀಪ್]

ಖಣ್ ಅಂತ ಕೂಗ್ತು. ಈಗ ಕಬ್ಬಿಣ ಕೂಗೋದು ಬೇಡ ಅಂತ ಸೆಟ್ಟಿಂಗ್ ಬದಲಾಯಿಸಿ, ನಾಣ್ಯದ ಆ ಕಡೆ ಈ ಕಡೆ ಒಂದೊಂದು ತುಕ್ಕು ಹಿಡಿದ ಮೊಳೆ ಇಡ್ತೀನಿ.

[ಮೌನ]

ನಾಣ್ಯ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಮೊಳೆ ಅದರ ಬಾಯಿ ಮುಚ್ಚಿಸಿದೆ, ಅಷ್ಟೇ. ಇವತ್ತಿನ ಕಥೆಯಲ್ಲಿ ಈ ಮೊಳೆ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಅಮೆರಿಕದ ವರ್ಜೀನಿಯಾದಲ್ಲಿರೋ ನಮ್ಮ ವೀಕ್ಷಕರೊಬ್ಬರು ಕೇಳಿದ್ರು: "ಮನೆ ಹತ್ರದ ಕಾಡಲ್ಲಿ 1930ರ ದಶಕದ ಪಾಳುಬಿದ್ದ ಕ್ಯಾಂಪ್ ಇದೆ ಸಾರ್. ಎರಡು ಸಿಮೆಂಟ್ ಕಟ್ಟೆ, ಒಂದು ಕಲ್ಲಿನ ಚಿಮಣಿ, ಅಷ್ಟೇ ಉಳಿದಿರೋದು. ಡಿಟೆಕ್ಟರ್ ತಗೊಂಡು ಹೋದ್ರೆ ಏನಾದ್ರೂ ಸಿಗುತ್ತಾ?"

ಸಿಗುತ್ತೆ ಸ್ವಾಮಿ. ಕೊಪ್ಪರಿಗೆ ಚಿನ್ನದ ಆಸೆ ಮಾತ್ರ ಈಗಲೇ ಬಿಟ್ಬಿಡಿ. ಸಿಗೋದನ್ನ ಮನೆಗೆ ತರಬಹುದಾ ಅನ್ನೋದು ಬೇರೆ ಪ್ರಶ್ನೆ, ಕೊನೆಗೆ ಬರ್ತೀನಿ.

ಹಿನ್ನೆಲೆ ಬೇಗ ಮುಗಿಸ್ತೀನಿ. ಮಹಾ ಆರ್ಥಿಕ ಕುಸಿತ. 1933ರಲ್ಲಿ ಅಮೆರಿಕದಲ್ಲಿ ದುಡಿಯೋ ನಾಲ್ಕು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕೆಲಸ ಇಲ್ಲ. ಮಾರ್ಚ್ 4ಕ್ಕೆ ರೂಸ್‌ವೆಲ್ಟ್ ಅಧ್ಯಕ್ಷರಾದ್ರು, ಮಾರ್ಚ್ 31ಕ್ಕೆ ಕೆಲಸ ಇಲ್ಲದ ಹುಡುಗರಿಗೆ ಕಾಡಲ್ಲಿ ಕೆಲಸ ಕೊಡೋ ಕಾಯ್ದೆಗೆ ಸಹಿ ಬಿತ್ತು, ಏಪ್ರಿಲ್ 17ಕ್ಕೆ ವರ್ಜೀನಿಯಾ ಕಾಡಲ್ಲಿ ಮೊದಲನೇ ಕ್ಯಾಂಪ್ ಶುರು. ಸಹಿಯಿಂದ ಕ್ಯಾಂಪಿಗೆ 17 ದಿನ! ನಮ್ಮ ಬೀದಿ ಗುಂಡಿ ಮುಚ್ಚೋಕೆ ಎಸ್ಟಿಮೇಟ್ ಬರೆಯೋಕೂ ಅಷ್ಟರಲ್ಲಿ ಆಗಲ್ಲ. ಆ ಕ್ಯಾಂಪಿನ ಹೆಸರು ಕ್ಯಾಂಪ್ ರೂಸ್‌ವೆಲ್ಟ್. ಯೋಜನೆಯ ಹೆಸರು ಸಿವಿಲಿಯನ್ ಕನ್ಸರ್ವೇಶನ್ ಕೋರ್, ಚಿಕ್ಕದಾಗಿ ಸಿಸಿಸಿ. 1942ರಲ್ಲಿ ಮುಚ್ಚೋ ಹೊತ್ತಿಗೆ ಸುಮಾರು 30 ಲಕ್ಷ ಹುಡುಗರು ಇದರಲ್ಲಿ ದುಡಿದಿದ್ರು, ಸುಮಾರು 300 ಕೋಟಿ ಗಿಡ ನೆಟ್ಟಿದ್ರು. ಒಂದೊಂದು ಕ್ಯಾಂಪಿನಲ್ಲಿ 200 ಜನ, ಆ ತಂಡಕ್ಕೆ ಸೈನ್ಯದ ಲೆಕ್ಕದಲ್ಲಿ 'ಕಂಪನಿ' ಅಂತ ಹೆಸರು. ಕ್ಯಾಂಪ್ ನಡೆಸ್ತಿದ್ದದ್ದು ಸೈನ್ಯ, ಕಾಡಲ್ಲಿ ಕೆಲಸ ಹೇಳ್ತಿದ್ದದ್ದು ಅರಣ್ಯ ಇಲಾಖೆಯಂಥವರು.

ಈಗ ನಂಗೆ ನಿದ್ದೆ ಕೆಡಿಸಿದ ವಸ್ತುವಿಗೆ ಬರೋಣ.

[ಸ್ಕ್ರೀನ್ ಮೇಲೆ: ದುಂಡನೆಯ ಟೋಕನ್‌ನ ಚಿತ್ರ, ತಿರುಗುತ್ತಾ]

ಕ್ಯಾಂಟೀನ್ ಟೋಕನ್. ಹಿತ್ತಾಳೆ ಇಲ್ಲಾ ಅಲ್ಯುಮಿನಿಯಂ ಬಿಲ್ಲೆ. ಒಂದು ಕಡೆ ಕಂಪನಿಯ ನಂಬರ್, ಇನ್ನೊಂದು ಕಡೆ "5 ಸೆಂಟ್ ಮಾಲಿಗೆ ನಡೆಯುತ್ತೆ" ಅನ್ನೋ ಅರ್ಥದ ಬರಹ. ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ಕೈಗಿಡ್ತಾರಲ್ಲ, ಅದನ್ನೇ ಲೋಹದಲ್ಲಿ ಅಚ್ಚು ಹಾಕಿಸಿದ ಹಾಗೆ. ಆ ಕ್ಯಾಂಪಿನ ಕ್ಯಾಂಟೀನ್ ಬಿಟ್ರೆ ಎಲ್ಲೂ ನಡೆಯಲ್ಲ. ಆ ಕ್ಯಾಂಟೀನಲ್ಲಿ ತಂಬಾಕು, ಮಿಠಾಯಿ, ಸೋಪು, ಶೇವಿಂಗ್ ಬ್ಲೇಡು.

ಇದ್ಯಾಕೆ ಅಂಥಾ ದೊಡ್ಡ ವಿಷಯ? ಲೆಕ್ಕ ಹಾಕಿ. ಹುಡುಗನ ಸಂಬಳ ತಿಂಗಳಿಗೆ 30 ಡಾಲರ್. ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಊರಲ್ಲಿರೋ ಅಪ್ಪ ಅಮ್ಮನಿಗೆ. ಹುಡುಗನ ಕೈಗೆ ಬರದೇ ಹೋಗ್ತಿತ್ತು, ನಮ್ಮ ಮನೆಗಳಲ್ಲಿ ಮೊದಲ ಸಂಬಳ ಹೋಗುತ್ತಲ್ಲ ಹಾಗೆ. ಉಳಿದದ್ದು 5 ಡಾಲರ್, ಅಂದ್ರೆ 500 ಸೆಂಟ್, ಅಂದ್ರೆ ಇಂಥ 100 ಟೋಕನ್. ತಿಂಗಳ ಮೂವತ್ತು ದಿನಕ್ಕೆ ಹಂಚಿ. ದಿನಕ್ಕೆ ಮೂರು ಟೋಕನ್, ಮೇಲೊಂದಿಷ್ಟು ಪುಡಿ. ಹತ್ತೊಂಬತ್ತರ ಹುಡುಗ ಗುದ್ದಲಿ ಎತ್ತುವಾಗ ಜೇಬಿಂದ ಒಂದು ಟೋಕನ್ ಜಾರಿ ಬಿತ್ತು ಅಂದ್ರೆ ಅವತ್ತಿನ ಖರ್ಚಿನ ಮೂರರಲ್ಲಿ ಒಂದು ಪಾಲು ಮಣ್ಣುಪಾಲು. ಆ ಸಂಜೆ ಅವನು ಎಷ್ಟು ಹೊತ್ತು ಹುಲ್ಲು ಕೆದಕಿರಬಹುದು, ಯೋಚನೆ ಮಾಡಿ. ಬೆಳ್ಳಿಯ ಹತ್ತು ಸೆಂಟಿನ ನಾಣ್ಯ ಸಿಗುತ್ತಾ ಅಂತ ಕೇಳ್ತೀರಿ. ಸಿಗಬಹುದು. ಆದ್ರೆ ಬೀಳಿಸೋಕೆ ಜೇಬಲ್ಲಿ ಇರಬೇಕಲ್ಲ!

ಇನ್ನೂ ಒಂದು ಮಜಾ ಇದೆ. ಟೋಕನ್ ಮೇಲಿನ ಕಂಪನಿ ನಂಬರಿನಲ್ಲಿ ನೂರರ ಸ್ಥಾನದ ಅಂಕಿ ನೋಡಿ. ಸೈನ್ಯ ಇಡೀ ದೇಶನ 9 ವಲಯ ಮಾಡ್ಕೊಂಡಿತ್ತು, ಆ ಅಂಕಿ ಸಾಮಾನ್ಯವಾಗಿ ವಲಯದ ಸಂಖ್ಯೆ. ಕ್ಯಾಂಪ್ ರೂಸ್‌ವೆಲ್ಟ್‌ನಲ್ಲಿದ್ದದ್ದು ಕಂಪನಿ 322. ನೂರರ ಸ್ಥಾನದಲ್ಲಿ 3, ಅಂದ್ರೆ ಮೂರನೇ ವಲಯ. ನಮ್ಮ ಗಾಡಿ ನಂಬರಲ್ಲಿ ಕೆಎ 09 ನೋಡಿದ ಕೂಡ್ಲೇ ಮೈಸೂರು ಅಂತೀವಲ್ಲ, ಹಾಗೆ. ಆದ್ರೆ ಗಾಡಿ ಊರೂರು ತಿರುಗೋ ಹಾಗೆ ಕಂಪನಿಗಳೂ ಕ್ಯಾಂಪಿಂದ ಕ್ಯಾಂಪಿಗೆ ಎತ್ತಂಗಡಿ ಆಗ್ತಿದ್ವು. ಹಾಗಾಗಿ ಟೋಕನ್ ಎಲ್ಲಿ ಸಿಕ್ತು ಅನ್ನೋದು ಗೊತ್ತಿದ್ರೆ ಅದೊಂದು ಸಾಕ್ಷಿ. ಗೊತ್ತಿಲ್ಲದಿದ್ರೆ ಬರೀ ಬಿಲ್ಲೆ.

[ಎಡಿಟರ್: ನಾಲ್ಕು ನಿಮಿಷ ಆಯ್ತು.] ಆಯ್ತಪ್ಪ, ಓಡ್ತೀನಿ.

ಡಿಟೆಕ್ಟರ್ ಕೆಲಸ ಮಾಡೋದು ಹೀಗೆ: ಸುರುಳಿಯಿಂದ ಸೆಕೆಂಡಿಗೆ ಸಾವಿರಾರು ಸಲ ಬದಲಾಗೋ ಕಾಂತಕ್ಷೇತ್ರ ಮಣ್ಣಿಗೆ ಹೋಗುತ್ತೆ. ಅಲ್ಲಿರೋ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಹುಟ್ಟಿ ಮರುಸದ್ದು ಕಳಿಸುತ್ತೆ. ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ ಕಬ್ಬಿಣವೋ ಬೆಳ್ಳಿಯೋ ಅನ್ನೋ ಅಂದಾಜು. ಅಂದಾಜು ಅಷ್ಟೇ! ಅಮೆರಿಕದ 5 ಸೆಂಟ್ ನಾಣ್ಯವೂ ಡಬ್ಬಿ ಮೇಲಿಂದ ಕಿತ್ತೆಸೆಯೋ ಅಲ್ಯುಮಿನಿಯಂ ರಿಂಗೂ ಹೆಚ್ಚುಕಡಿಮೆ ಒಂದೇ ರಾಗ ಹಾಡ್ತವೆ. ಆ ರಿಂಗ್ ಬಂದದ್ದೇ 1960ರ ದಶಕದಲ್ಲಿ. ಅದು ಸಿಕ್ರೆ ಅದು ಸಿಸಿಸಿ ಹುಡುಗರದ್ದಲ್ಲ, ಆಮೇಲೆ ಪಿಕ್ನಿಕ್ಕಿಗೆ ಬಂದ ಯಾರದ್ದೋ ಬಿಯರ್ ಡಬ್ಬಿಯದ್ದು.

ಈಗ ಮೊಳೆ. ಹುಡುಗರು ಮಲಗ್ತಿದ್ದ ಬ್ಯಾರಕ್‌ಗಳು ಮರದ್ದು, ಕ್ಯಾಂಪ್ ಮುಚ್ಚಿದ ಮೇಲೆ ಬಿಚ್ಚಿ ಒಯ್ದರು. ಅದಕ್ಕೇ ಹೆಚ್ಚಾಗಿ ಉಳಿಯೋದು ಅಡುಗೆಮನೆ, ಸ್ನಾನದ ಮನೆಯ ಸಿಮೆಂಟ್ ನೆಲ. ನಮ್ಮ ವೀಕ್ಷಕರ ಕಟ್ಟೆಯ ಮಧ್ಯೆ ನೀರು ಹೋಗೋ ತೂತಿದ್ರೆ ಸ್ನಾನದ ಮನೆ ಅನ್ನಬಹುದು. ಗೋಡೆ ಹೋದ ಕಡೆ ಮೊಳೆ ಉದುರಿ ಉಳೀತು. ಹವ್ಯಾಸಿಗೆ ಈ ಮೊಳೆ ತಲೆನೋವು, ಟ್ರೇಯಲ್ಲಿ ನೋಡಿದ್ರಲ್ಲ, ನಾಣ್ಯನ ನುಂಗ್ತವೆ. ಪುರಾತತ್ವದವರಿಗೆ ಇವೇ ಬಂಗಾರ. ಎಲ್ಲಿ ದಟ್ಟ, ಎಲ್ಲಿ ವಿರಳ ಅಂತ ಗುರುತು ಹಾಕಿದ್ರೆ ಇಲ್ಲದ ಬ್ಯಾರಕ್‌ನ ಗೋಡೆಗೆರೆ ಕಾಣೋಕೆ ಶುರುವಾಗುತ್ತೆ.

ಹೌದು, ಪುರಾತತ್ವದವರೂ ಡಿಟೆಕ್ಟರ್ ಹಿಡೀತಾರೆ. ಅಮೆರಿಕದ ಸೈನ್ಯ 1876ರಲ್ಲಿ ಮೂಲನಿವಾಸಿಗಳ ಜೊತೆ ಕಾದಾಡಿದ ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್ ರಣರಂಗದಲ್ಲಿ 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯ್ತು. ಮಾರನೇ ವರ್ಷ ಪುರಾತತ್ವಜ್ಞ ಡಗ್ಲಸ್ ಸ್ಕಾಟ್ ಅವರ ತಂಡ ಹವ್ಯಾಸಿಗಳನ್ನೇ ಸಾಲಾಗಿ ನಿಲ್ಲಿಸಿ ಹುಡುಕಿಸ್ತು. ಸದ್ದು ಬಂದ ಕಡೆಯೆಲ್ಲ ಪುಟ್ಟ ಬಾವುಟ, ಸಿಕ್ಕಿದ್ದರ ಜಾಗ ನಕ್ಷೆಗೆ. ಖಾಲಿ ತೋಟಾಗಳ ಮೇಲಿನ ಬಂದೂಕಿನ ಸೂಜಿ ಗುದ್ದಿದ ಗುರುತು ಹೋಲಿಸಿ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹೇಳಿದ್ರು. ಯಾರೋ ಮೊದಲೇ ಹೋಗಿ ಅವನ್ನ ಜೇಬಿಗೆ ತುಂಬ್ಕೊಂಡಿದ್ರೆ?

ಕ್ಯಾಂಪ್‌ಗಳಲ್ಲೂ ಇದೇ ಪೇಚು. ಪೆನ್ಸಿಲ್ವೇನಿಯಾದ ಕ್ಯಾಂಪ್ ಮಿಶೋ ಮೊದಲು ಹೊಲ, ಆಮೇಲೆ ಸಿಸಿಸಿ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಶತ್ರು ಸೈನಿಕರನ್ನ ಗುಟ್ಟಾಗಿ ವಿಚಾರಣೆ ಮಾಡೋ ಜಾಗ, ಅದಾದ್ಮೇಲೆ ಚರ್ಚಿನವರ ಶಿಬಿರ. ಅಲ್ಲಿ ಒಂದು ಸಮವಸ್ತ್ರದ ಗುಂಡಿ ಸಿಕ್ರೆ ಯಾರ ಅಂಗಿಯದ್ದು? ಸಿಸಿಸಿ ಹುಡುಗರಿಗೂ ಮೊದಲನೇ ಮಹಾಯುದ್ಧದಲ್ಲಿ ಉಳಿದ ಸೈನ್ಯದ ಬಟ್ಟೆ ಕೊಟ್ಟಿದ್ರು ಬೇರೆ. ಎಲ್ಲಿತ್ತು, ಯಾವುದರ ಪಕ್ಕ ಇತ್ತು ಅನ್ನೋದೊಂದೇ ದಾರಿ.

ಕಾನೂನು, ಒಂದೇ ಉಸಿರಲ್ಲಿ. ನ್ಯಾಷನಲ್ ಪಾರ್ಕಲ್ಲಿ ಡಿಟೆಕ್ಟರ್ ಬಳಸೋದಿರಲಿ, ಕೈಯಲ್ಲಿ ಹಿಡಿದು ಓಡಾಡೋದೇ ಅಪರಾಧ, ಬಿಚ್ಚಿ ಪ್ಯಾಕ್ ಮಾಡಿ ಡಿಕ್ಕಿಯಲ್ಲಿಟ್ರೆ ಪರವಾಗಿಲ್ಲ. ನ್ಯಾಷನಲ್ ಫಾರೆಸ್ಟಲ್ಲಿ ಮಾಮೂಲಿ ಜಾಗದಲ್ಲಿ ಮೊನ್ನೆ ಮೊನ್ನೆ ಬಿದ್ದ ಚಿಲ್ಲರೆ ಹುಡುಕಬಹುದು, ಐತಿಹಾಸಿಕ ಜಾಗ ಅಗೆಯೋ ಹಾಗಿಲ್ಲ, ಹಳೇ ಕ್ಯಾಂಪ್ ಆ ಲೆಕ್ಕಕ್ಕೇ ಬರುತ್ತೆ. ರಾಜ್ಯದ ಜಾಗಕ್ಕೆ ಆಯಾ ರಾಜ್ಯದ ನಿಯಮ. ಮಣ್ಣು ಸಂರಕ್ಷಣೆಯ ಕೆಲವು ಕ್ಯಾಂಪ್‌ಗಳು ಖಾಸಗಿ ಜಮೀನಲ್ಲಿದ್ವು, ಅಲ್ಲಾದ್ರೆ ಮಾಲೀಕರ ಒಪ್ಪಿಗೆ, ಬರವಣಿಗೆಯಲ್ಲಿ. ಇನ್ನು ಇಲ್ಲಿ ಕೂತು ನೋಡ್ತಾ ಇರೋರು ಜಾಸ್ತಿ ನಗಬೇಡಿ, ಕರ್ನಾಟಕದಲ್ಲೂ ನೆಲದಲ್ಲಿ ಸಿಗೋ ನಿಧಿಯ ಬಗ್ಗೆ 1962ರ ಕಾಯ್ದೆ ಇದೆ.

ಹಾಗಾಗಿ ವರ್ಜೀನಿಯಾದ ಸಾರ್, ಯಂತ್ರ ಮನೇಲಿಟ್ಟು ಟೇಪು, ಫೋನು ತಗೊಂಡು ಹೋಗಿ, ಕಟ್ಟೆ ಅಳೆದು ಫೋಟೋ ತೆಗೆದು ಅಲ್ಲಿನ ಅರಣ್ಯ ಕಚೇರಿಗೆ ಕೊಡಿ. ಅಗೆಯೋ ಚಟ ತೀರಲೇಬೇಕು ಅಂದ್ರೆ ಅಮೆರಿಕದ ಅರಣ್ಯ ಇಲಾಖೆಯ 'ಪಾಸ್‌ಪೋರ್ಟ್ ಇನ್ ಟೈಮ್' ಅನ್ನೋ ಸ್ವಯಂಸೇವಕರ ಯೋಜನೆ ಇದೆ, ಪುರಾತತ್ವದವರ ಜೊತೆಗೇ ಕೆಲಸ. ಇನ್ನೊಂದು, ಅಮೆರಿಕದ ಪುರಾತತ್ವ ಸಂಪತ್ತಿನ 1979ರ ಕಾಯ್ದೆ 100 ವರ್ಷ ತುಂಬಿದ ವಸ್ತುಗಳಿಗೆ, ಮೊದಲ ತಪ್ಪಿಗೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಮೊದಲ ಕ್ಯಾಂಪಿಗೆ ನೂರು ತುಂಬೋದು 2033ಕ್ಕೆ. ಆಮೇಲೆ ಇಷ್ಟೆಲ್ಲ ದಂಡ, ಜೈಲು 5 ಸೆಂಟಿನ ಬಿಲ್ಲೆಗೂ!

[ಟ್ರೇಯಿಂದ ಎರಡು ಮೊಳೆ ತೆಗೆದು ಪಕ್ಕಕ್ಕಿಡುವುದು. ಬೀಪ್.]