ನನಗೂ ಗೊತ್ತಿಲ್ಲ ಕಣವ್ವ

ನಮಸ್ಕಾರ. ಇವತ್ತು ನಮ್ಮ ಮನೆಯ ಒಂದು ಮಾತು ಹೇಳಬೇಕು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು 11 ಸೋಮವಾರದ ಉಪವಾಸಕ್ಕೆ ಹರಕೆ ಹೊತ್ತಿದ್ದೆ. ಒಂಬತ್ತನೇ ಸೋಮವಾರ ಮುಗಿದು ಎರಡು ದಿನಕ್ಕೆ ಅಪ್ಪ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ರಾತ್ರಿ ನೆಂಟರೊಬ್ಬರು ಹೇಳಿದರು, "ಎಲ್ಲೋ ನೇಮ ತಪ್ಪಿರಬೇಕು, ನೆನಪು ಮಾಡ್ಕೋ."

ನಾನು ನೆನಪು ಮಾಡಿಕೊಂಡೆ ಕೂಡ. ಏಳನೇ ಸೋಮವಾರ ಮರೆತು ಕಾಫಿ ಕುಡಿದಿದ್ದೆನಾ? ತಿಂಗಳುಗಟ್ಟಲೆ ಇದೇ ಯೋಚನೆ. ಕೊನೆಗೊಂದು ದಿನ ಇಷ್ಟಲಿಂಗವನ್ನು ಕೊರಳಿಂದ ತೆಗೆದು ದೇವರ ಗೂಡಿನಲ್ಲಿಟ್ಟುಬಿಟ್ಟೆ.

ಮಗನನ್ನೇ ಕಳೆದುಕೊಂಡ ಅಜ್ಜಿ ಮಾತ್ರ ಒಂದು ದಿನವೂ ಪೂಜೆ ಬಿಡಲಿಲ್ಲ. ಬೆಳಿಗ್ಗೆ ಐದಕ್ಕೇ ಸ್ನಾನ, ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ನನಗೆ ಸಿಟ್ಟು ಬಂತು. "ಅಜ್ಜಿ, ದೇವರು ಅಪ್ಪನ್ನ ಯಾಕೆ ಕರ್ಕೊಂಡ, ಹೇಳು" ಅಂದೆ. ಕರ್ಮ ಅಂತಲೋ, ಶಿವನ ಇಚ್ಛೆ ಅಂತಲೋ ಹೇಳುತ್ತಾರೆ, ಜಗಳ ಆಡೋಣ ಅಂತಲೇ ಕೇಳಿದ್ದು. ಅಜ್ಜಿ ಅಂಗೈ ಮೇಲಿಂದ ಕಣ್ಣು ತೆಗೆಯದೆ, "ನನಗೂ ಗೊತ್ತಿಲ್ಲ ಕಣವ್ವ" ಅಂದರು. ಒಂದು ಪತ್ರೆ ಏರಿಸಿದರು.

ಗೊತ್ತಿಲ್ಲ ಅಂದ ಬಾಯಿ ಇನ್ನೂ ಮುಚ್ಚಿಲ್ಲ, ಕೈ ಪತ್ರೆ ಏರಿಸುತ್ತಿದೆ. ಅದು ಹೇಗೆ ಸಾಧ್ಯ?

ಆಗ ಶರಣ ಸಿದ್ಧರಾಮನ ಕಥೆ ನೆನಪಾಯಿತು. ಕವಿ ರಾಘವಾಂಕ ಬರೆದದ್ದು, ಚಿಕ್ಕಂದಿನಿಂದ ಕೇಳಿದ್ದೇ. ಸೊನ್ನಲಿಗೆಯ ಹುಡುಗ ಹೊಲದಲ್ಲಿದ್ದಾಗ ಜಂಗಮರೊಬ್ಬರು ಬರುತ್ತಾರೆ. ತಾನು ಶ್ರೀಶೈಲದ ಮಲ್ಲಯ್ಯ ಅನ್ನುತ್ತಾರೆ, ಊಟ ಕೇಳುತ್ತಾರೆ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಅವರಿಲ್ಲ. ಅಳುತ್ತಾ ಅಳುತ್ತಾ ಯಾತ್ರೆಯವರ ಜೊತೆ ಶ್ರೀಶೈಲಕ್ಕೇ ಹೋಗುತ್ತಾನೆ. ಅಲ್ಲಿ ಗುಡಿಯ ಲಿಂಗ ತೋರಿಸಿ, ಇವನೇ ನಿನ್ನ ಮಲ್ಲಯ್ಯ ಅಂತಾರೆ. ಹುಡುಗ ಒಪ್ಪುವುದಿಲ್ಲ. ಇವನಲ್ಲ! ಮಲ್ಲಯ್ಯನನ್ನು ಕೂಗುತ್ತಾ ಅಲೆದು ಅಲೆದು, ಕಮರಿಗೆ ಬೀಳಲು ಹೋದಾಗ ಶಿವ ಕೈ ಹಿಡಿಯುತ್ತಾನೆ.

ನೋಡಿ, ಲಿಂಗ ತೋರಿಸಿದವರೂ ಭಕ್ತರೇ. ಸುಳ್ಳು ಹೇಳಲಿಲ್ಲ. ಆದರೆ ಅವರ ಹುಡುಕಾಟ ಮುಗಿದುಹೋಗಿತ್ತು.

ಇದೇ ಸಿದ್ಧರಾಮ ಮುಂದೆ ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ, 68 ಲಿಂಗ ಸ್ಥಾಪಿಸಿದ. ಶರಣ ಅಲ್ಲಮಪ್ರಭು ಬಂದು, ಇಷ್ಟರಿಂದಲೇ ಎಲ್ಲ ಆಯಿತು ಅಂದುಕೊಂಡೆಯಾ ಅಂತ ಕೆಣಕಿದ ಅಂತ ಶರಣರ ಮಾತುಕತೆಯ ಗ್ರಂಥ ಶೂನ್ಯಸಂಪಾದನೆ ಹೇಳುತ್ತದೆ. ಅಷ್ಟು ದುಡಿದವನಿಗೆ ಎಷ್ಟು ನೋವಾಗಿರಬೇಡ! ಆದರೂ ಅಲ್ಲಮನ ಜೊತೆ, ಶರಣರೆಲ್ಲ ಸೇರಿದ್ದ ಕಲ್ಯಾಣಕ್ಕೆ ಹೊರಟ. 'ಇವನಲ್ಲ' ಅಂತ ಅತ್ತ ಹುಡುಗ ಅವನೊಳಗೆ ಇನ್ನೂ ಇದ್ದ ಅಂತ ನನಗನಿಸುತ್ತೆ.

ಈಗ ನಮಗೆಲ್ಲ ದೇವರ ವಿಷಯ ಜಾಸ್ತಿನೇ ಗೊತ್ತು. ಯಾವ ವಾರ ಏನು ಮಾಡಿದರೆ ಏನು ಸಿಗುತ್ತೆ, ಯಾರ ಮನೆಯ ಸಾವು ಯಾವ ಪಾಪಕ್ಕೆ, ಎಲ್ಲವೂ. ನನಗೂ ಗೊತ್ತಿತ್ತಲ್ವಾ? ಹರಕೆ ಹೊತ್ತಾಗ ನನ್ನ ಪ್ರೀತಿಯೆಲ್ಲ ಅಪ್ಪನ ಮೇಲಿತ್ತು. ದೇವರ ಮುಂದೆ ಇಟ್ಟಿದ್ದು ಲೆಕ್ಕ. ಲೆಕ್ಕ ತಪ್ಪಿದ ದಿನ ಕೈಯಲ್ಲಿ ಏನೂ ಉಳಿಯಲಿಲ್ಲ. ಅಜ್ಜಿಯ ಹತ್ತಿರ ಮೊದಲಿಂದಲೂ ಲೆಕ್ಕವೇ ಇರಲಿಲ್ಲ.

ಮಾರನೇ ದಿನ ಐದಕ್ಕೆ ನಾನೂ ಎದ್ದೆ. ಗೂಡಿನಿಂದ ಲಿಂಗ ತೆಗೆದುಕೊಂಡು ಬಾಗಿಲಲ್ಲಿ ಸುಮ್ನೆ ನಿಂತೆ. ಏನು ಕೇಳಿಕೊಳ್ಳಬೇಕು ಅಂತಲೂ ತೋಚಲಿಲ್ಲ. ಅಜ್ಜಿ ಒಮ್ಮೆ ನೋಡಿದರು. ಮಾತಾಡಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಆಚೆ ಸರಿದು ಜಾಗ ಮಾಡಿಕೊಟ್ಟರು.