ಮಂಗನ ಕಾಯಿಲೆಯ ಮುಂದೆ ‘ದೇವರ ಚಿತ್ತ’

ಎಲ್ಲರಿಗೂ ನಮಸ್ಕಾರ. ದೇವರಿದ್ದಾನೋ ಇಲ್ಲವೋ ಅನ್ನೋ ಚರ್ಚೆ ಶುರುವಾದ್ರೆ ಹತ್ತು ನಿಮಿಷಕ್ಕೆ ಬಿಗ್ ಬ್ಯಾಂಗ್ ಬರುತ್ತೆ, ಇಪ್ಪತ್ತು ನಿಮಿಷಕ್ಕೆ ಡಾರ್ವಿನ್, ಆಮೇಲೆ ಬರೀ ಜಗಳ. ಬಿಗ್ ಬ್ಯಾಂಗ್ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೋಲಿಕ್ ಪಾದ್ರಿ. ಹಾಗಾಗಿ ಆ ಜಗಳದಿಂದ ಕ್ರೈಸ್ತ ನಂಬಿಕೆಗೆ ಅಂಥಾ ನಷ್ಟವೇನೂ ಇಲ್ಲ. ನಿಜವಾದ ಪೆಟ್ಟು ಬೀಳೋದು ಬೇರೆ ಕಡೆ. ಅದನ್ನ ನೋಡೋಕೆ ಟೆಲಿಸ್ಕೋಪ್ ಬೇಡ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡು ಸಾಕು.

1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲ ಹಳ್ಳಿಯ ಜನಕ್ಕೆ ಜ್ವರ ಬಂತು. ವೈರಸ್ಸಿಗೆ ಆ ಕಾಡಿನ ಹೆಸರೇ ಬಿತ್ತು. ನಾವು ಮಂಗನ ಕಾಯಿಲೆ ಅಂತೀವಿ. ಇದು ಹೇಗೆ ಹರಡುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಮುಂದಿನ ವಾದವೆಲ್ಲ ನಿಂತಿರೋದು ಇದರ ಮೇಲೆ.

ಮಳೆಗಾಲ ಕಳೆದ ಮೇಲೆ ಕಾಡಿನ ದರಗಿನಲ್ಲಿ, ಅಂದ್ರೆ ಉದುರಿದ ಒಣ ಎಲೆಗಳಲ್ಲಿ, ರಕ್ತ ಹೀರೋ ಉಣುಗಿನ (ಉಣ್ಣೆ ಹುಳದ) ಮರಿಗಳು ಏಳ್ತವೆ. ನವೆಂಬರಿಂದ ಮೇ ತನಕ ಅವುಗಳ ಕಾಲ. ಜನಕ್ಕೆ ಕಾಯಿಲೆ ಅಂಟಿಸೋದು ಮುಖ್ಯವಾಗಿ ಬಲಿತ ಉಣುಗಲ್ಲ, ನಡುವಿನ ಹಂತದ ಮರಿ. ರಾಗಿ ಕಾಳಿನಷ್ಟಿರುತ್ತೆ, ಕಾಲಿಗೆ ಹತ್ತಿದ್ದೂ ಗೊತ್ತಾಗಲ್ಲ. ಮಂಗ ಸತ್ತ ಮೇಲೆ ಅದರ ಮೈಯಲ್ಲಿದ್ದ ಉಣುಗುಗಳು ಹೆಣ ಬಿಟ್ಟು ಸುತ್ತಮುತ್ತ ಉದುರ್ತವೆ. ಸತ್ತ ಮಂಗನ ಸುತ್ತಮುತ್ತ ಮ್ಯಾಲಥಿಯಾನ್ ಅನ್ನೋ ಕೀಟನಾಶಕ ಹೊಡೆಯೋದು ಇದಕ್ಕೇ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು ತರೋಕೆ ಬೆಟ್ಟಕ್ಕೆ ಹೋಗೋರು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳೋದೂ ಇದಕ್ಕೇ. ಹಠಾತ್ ಜ್ವರ, ತಲೆನೋವು, ಮೈಕೈ ಮುರಿದ ಹಾಗೆ ನೋವು. ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ. ಗುಣವಾಯ್ತು ಅಂದ್ಕೊಂಡ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಜ್ವರ ಏರಿ ಮಿದುಳಿಗೆ ತಟ್ಟುತ್ತೆ. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಜನ ಉಳಿಯಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡೋದೂ ಇಲ್ಲ. ನಮ್ಮ ಮೈಗೆ ಬಂದ ವೈರಸ್ ಅಲ್ಲಿಗೇ ಮುಗೀತು. ಅಂದ್ರೆ ದರಗು ತರೋಕೆ ಹೋದ ಹೆಂಗಸು ಸತ್ತರೆ ಆ ಸಾವಿನಿಂದ ವೈರಸ್ಸಿಗೂ ಮೂರು ಕಾಸಿನ ಪ್ರಯೋಜನ ಇಲ್ಲ.

ಸರ್ವಶಕ್ತ, ಎಲ್ಲವನ್ನೂ ಬಲ್ಲವನು, ಪೂರ್ತಿ ಒಳ್ಳೆಯವನು ಆದ ಒಬ್ಬನೇ ದೇವರು ಈ ಕಾಡನ್ನ ಮಾಡಿದ್ದರೆ ಈ ಉಣುಗಿನ ಮರಿಗೆ ಇಲ್ಲಿ ಏನು ಕೆಲಸ? ಇದು ನಾಸ್ತಿಕರು ಮೊನ್ನೆ ಹುಟ್ಟಿಸಿದ ಪ್ರಶ್ನೆ ಅಂದ್ಕೋಬೇಡಿ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅನ್ನೋ ಕ್ಯಾಥೋಲಿಕ್ ಪಂಡಿತ ದೇವರಿದ್ದಾನೆ ಅಂತ ವಾದಿಸೋಕೆ ಕೂತಾಗ ಮೊಟ್ಟಮೊದಲ ಆಕ್ಷೇಪಣೆ ಅಂತ ಬರೆದುಕೊಂಡಿದ್ದೇ ಇದನ್ನ.

ನಮ್ಮ ಕಡೆ ಅಕ್ಕಪಕ್ಕದ ಮನೆಯವರಿಗೆ ಈ ಪ್ರಶ್ನೆ ಇಷ್ಟು ಚುಚ್ಚಲ್ಲ. ಕಾಡಂಚಿನ ಚೌಡಿಯನ್ನ ಯಾರೂ ಸರ್ವಶಕ್ತೆ ಅಂದಿಲ್ಲ. ಅವಳು ಮುನೀತಾಳೆ, ಹರಕೆ ತೀರಿಸಿದ್ರೆ ಒಲೀತಾಳೆ. ಕರ್ಮ ನಂಬೋರ ಹತ್ರ ಹಿಂದಿನ ಜನ್ಮದ ಲೆಕ್ಕ ಇದೆ. ಆ ಲೆಕ್ಕ ಸರಿಯೋ ತಪ್ಪೋ, ಲೆಕ್ಕ ಅಂತ ಒಂದಿದೆ. ಚರ್ಚಿಗೆ ಹೋಗೋರಿಗೆ ಎರಡೂ ಬಾಗಿಲು ಹಾಕಿದೆ, ಹಾಕಿದವನು ಯೇಸುವೇ. ಲೂಕ 13 ತೆಗೀರಿ. ಸಿಲೋವಾದಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಅವನೇ ಕೇಳಿ ಅವನೇ ಇಲ್ಲ ಅಂತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನ ನೋಡಿ ಶಿಷ್ಯರು, ಪಾಪ ಇವನದ್ದೋ ಅಪ್ಪ ಅಮ್ಮಂದೋ ಅಂತ ಕೇಳಿದಾಗ ಎರಡನ್ನೂ ತಳ್ಳಿಹಾಕ್ತಾನೆ. ಇಷ್ಟಿದ್ದೂ ಪ್ರಾರ್ಥನಾ ಕೂಟ ಮುಗಿಸಿ ಚಪ್ಪಲಿ ಮೆಟ್ಟಿಕೊಳ್ಳೋವಾಗ ‘ಆ ಮನೇಲಿ ಏನೋ ಇತ್ತು ಬಿಡಿ’ ಅನ್ನೋ ಪಿಸುಮಾತು ನಿಂತಿಲ್ಲ. ಅದು ಕರ್ಮಕ್ಕೆ ಶಿಲುಬೆ ತೊಡಿಸಿದ ಹಾಗೆ, ಅಷ್ಟೇ.

ಸರಿ, ಉತ್ತರಗಳಿಗೆ ಬರೋಣ. ಪಾಸ್ಟರುಗಳು, ಫಾದರುಗಳು ಮೊದಲು ಕೊಡೋ ಉತ್ತರ ಸ್ವತಂತ್ರ ಇಚ್ಛೆ. ದೇವರು ಮನುಷ್ಯನನ್ನ ಬೊಂಬೆ ಮಾಡಲಿಲ್ಲ, ಆರಿಸಿಕೊಳ್ಳೋ ಶಕ್ತಿ ಕೊಟ್ಟ, ನಾವು ಕೆಟ್ಟದ್ದನ್ನ ಆರಿಸಿಕೊಂಡ್ವಿ. ಇದನ್ನ ಹಗುರ ಮಾಡಬೇಡಿ. 1955ರಲ್ಲಿ ಜೆ. ಎಲ್. ಮ್ಯಾಕಿ ಅನ್ನೋ ತತ್ತ್ವಜ್ಞಾನಿ, ಸರ್ವಶಕ್ತ ಒಳ್ಳೆಯ ದೇವರು ಮತ್ತು ಕೆಡುಕು, ಇವೆರಡೂ ಒಟ್ಟಿಗೆ ಇರೋಕೆ ತರ್ಕದ ಪ್ರಕಾರ ಸಾಧ್ಯವೇ ಇಲ್ಲ ಅಂತ ಬರೆದರು. 1974ರಲ್ಲಿ ಕ್ರೈಸ್ತ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ಇದೇ ಸ್ವತಂತ್ರ ಇಚ್ಛೆಯ ವಾದವನ್ನ ಬಿಗಿ ಮಾಡಿ, ಎರಡೂ ಒಟ್ಟಿಗೆ ಇರಬಹುದು ಅಂತ ತೋರಿಸಿದರು. ‘ಸಾಧ್ಯವೇ ಇಲ್ಲ’ ಅನ್ನೋ ಮಾತನ್ನ ಆಮೇಲೆ ನಾಸ್ತಿಕ ತತ್ತ್ವಜ್ಞಾನಿಗಳಲ್ಲೂ ಬಹಳ ಜನ ಬಿಟ್ಟರು. ಆದ್ದರಿಂದ ಸಂದೇಹವಾದಿ ಗೆಳೆಯರೇ, ದೇವರೂ ಕೆಡುಕೂ ಒಟ್ಟಿಗಿರೋದು ಚೌಕಾಕಾರದ ವೃತ್ತ ಇದ್ದ ಹಾಗೆ ಅಂತ ಇವತ್ತಿಗೂ ವಾದ ಮಾಡ್ತಿದ್ರೆ ನೀವು ಐವತ್ತು ವರ್ಷ ಹಿಂದಿದ್ದೀರಿ.

ಆದ್ರೆ ಆ ಗೆಲುವು ಎಷ್ಟು ದೂರ ಬರುತ್ತೆ ಅಂತ ನೋಡಿ. ಶರಾವತಿ ಮುಳುಗಡೆ ತಗೊಳ್ಳಿ. 1964ಕ್ಕೆ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಮನೆ ಗದ್ದೆ ನೀರಿಗೆ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಅಲೆದರು. ಅದು ಮನುಷ್ಯರು ಕೂತು ಮಾಡಿದ ತೀರ್ಮಾನ, ಮನುಷ್ಯರ ಉದಾಸೀನ. ಅಲ್ಲಿ ಸ್ವತಂತ್ರ ಇಚ್ಛೆಯ ಉತ್ತರ ನಡೆಯುತ್ತೆ. ಉಣುಗಿನ ಮರಿಗೆ ಯಾವ ಇಚ್ಛೆ? ಕಾಡು ಕಡಿದು ಒಳನುಗ್ಗಿದ್ದಕ್ಕೇ ಕಾಯಿಲೆ ಬಂತು ಅಂತ ಹೇಳೋರಿದ್ದಾರೆ. ಜನಕ್ಕೆ ಕಾಯಿಲೆ ಹೆಚ್ಚು ತಗುಲೋಕೆ ಅದೂ ಒಂದು ಕಾರಣ ಇದ್ದೀತು. ಆದ್ರೆ ವೈರಸ್ ಯಾಕಿದೆ ಅನ್ನೋದಕ್ಕೆ ಅದು ಕಾರಣ ಅಲ್ಲ, ಮಂಗ ಏನೂ ಕಾಡು ಕಡಿದಿಲ್ಲ. ಪ್ಲಾಂಟಿಂಗ ಇದಕ್ಕೂ ಒಂದು ಮಾತು ಹೇಳಿದ್ದಾರೆ: ಪ್ರಕೃತಿಯ ಕೆಡುಕು ದುರಾತ್ಮಗಳ ಸ್ವತಂತ್ರ ಇಚ್ಛೆಯ ಫಲ ಇರೋದು ತರ್ಕಕ್ಕೆ ಸಾಧ್ಯ. ಸಾಧ್ಯ ಅಂದ್ರು, ಹಾಗೇ ಆಗಿದೆ ಅನ್ನಲಿಲ್ಲ. ತರ್ಕದ ಪಂದ್ಯ ಗೆಲ್ಲೋಕೆ ಅಷ್ಟು ಸಾಕಿತ್ತು. ಅದನ್ನೇ ಉಪದೇಶದಲ್ಲಿ ಸತ್ಯಸಂಗತಿ ಅಂತ ಹೇಳೋರು ಪ್ಲಾಂಟಿಂಗರನ್ನ ಸರಿಯಾಗಿ ಓದಿಲ್ಲ.

ಎರಡನೇ ಉತ್ತರ ಆದಾಮನ ಪತನ. ಮೊದಲ ಮನುಷ್ಯ ಪಾಪ ಮಾಡಿದ, ಸೃಷ್ಟಿಯೆಲ್ಲ ಕೆಟ್ಟಿತು. ಇದಕ್ಕೆ ಕಾಲದ ಲೆಕ್ಕ ಅಡ್ಡ ಬರುತ್ತೆ. ಬರ್ಮಾದಲ್ಲಿ ಸಿಕ್ಕ ಅಂಬರಿನ ತುಂಡೊಂದರ ವಿವರ 2017ರಲ್ಲಿ ಪ್ರಕಟವಾಯ್ತು. ಸುಮಾರು 9.9 ಕೋಟಿ ವರ್ಷ ಹಳೇದು. ಅದರೊಳಗೆ ಡೈನೋಸಾರ್ ಗರಿಯೊಂದನ್ನ ಹಿಡಿದುಕೊಂಡ ಉಣುಗು ಹಾಗೇ ಸಿಕ್ಕಿಹಾಕಿಕೊಂಡಿದೆ. ಮನುಷ್ಯ ಹುಟ್ಟೋಕೆ ಎಷ್ಟೋ ಕೋಟಿ ವರ್ಷ ಮುಂಚೆಯೇ ಉಣುಗು ರಕ್ತ ಕುಡೀತಿತ್ತು ಅಂದಮೇಲೆ ಆದಾಮನ ಪಾಪಕ್ಕೆ ಅದನ್ನ ಕಟ್ಟೋದು ಹೇಗೆ? ಭೂಮಿಗೆ ಆರು ಸಾವಿರ ವರ್ಷ ಅನ್ನೋರು ಈ ಪ್ರಶ್ನೆ ತಪ್ಪಿಸಿಕೊಳ್ಳಬಹುದು, ಆದ್ರೆ ಅದಕ್ಕೆ ಭೂವಿಜ್ಞಾನ ಪೂರ್ತಿ ಬಿಡಬೇಕು.

ಕಷ್ಟ ಮನುಷ್ಯನನ್ನ ಮಾಗಿಸುತ್ತೆ ಅನ್ನೋ ಮೂರನೇ ಉತ್ತರವೂ ಇದೆ. ಬದುಕಿ ಉಳಿದವರಲ್ಲಿ ಕೆಲವರಿಗೆ ನಿಜ. ಸತ್ತ ಮಗುವಿಗೆ ಅಲ್ಲ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಆಕ್ಷೇಪಣೆ. 1979ರಲ್ಲಿ ನಾಸ್ತಿಕ ತತ್ತ್ವಜ್ಞಾನಿ ವಿಲಿಯಂ ರೋ ಒಂದು ಉದಾಹರಣೆ ಕೊಟ್ಟರು: ಕಾಡ್ಗಿಚ್ಚಿಗೆ ಸಿಕ್ಕಿ ಸುಟ್ಟ ಜಿಂಕೆ ಮರಿ, ದಿನಗಟ್ಟಲೆ ನರಳಿ ಸಾಯುತ್ತೆ, ಯಾರೂ ನೋಡಲ್ಲ. ನಮಗೆ ಅಷ್ಟು ದೂರ ಹೋಗೋದು ಬೇಡ. ಜ್ವರ ಬಂದ ಮುಸ್ಯವೊಂದು (ಕಪ್ಪು ಮುಖದ ಮಂಗ) ಮರದಿಂದ ಬಿದ್ದು, ಯಾರೂ ಹೋಗದ ಕಾಡಲ್ಲಿ ಬಿದ್ದಲ್ಲೇ ಒದ್ದಾಡಿ ಸಾಯುತ್ತೆ. ಅದನ್ನ ನೋಡಿ ಯಾರೂ ಮಾಗಲಿಲ್ಲ, ಯಾರ ಸ್ವಾತಂತ್ರ್ಯವೂ ಅದರಿಂದ ಉಳಿಯಲಿಲ್ಲ. ರೋ ದೇವರು ಅಸಾಧ್ಯ ಅನ್ನಲಿಲ್ಲ. ಇಂಥ ನೋವಿಗೆ ತಕ್ಕ ಕಾರಣ ಇಲ್ಲ ಅಂತ ನಂಬೋದೇ ನ್ಯಾಯ, ಹಾಗಾಗಿ ಅಂಥ ದೇವರು ಇಲ್ಲ ಅಂತ ನಂಬೋದೂ ನ್ಯಾಯ ಅಂದರು.

ಇದಕ್ಕೆ 1984ರಲ್ಲಿ ಸ್ಟೀಫನ್ ವೈಕ್ಸ್ಟ್ರಾ ಅನ್ನೋ ತತ್ತ್ವಜ್ಞಾನಿ ಉತ್ತರ ಕೊಟ್ಟರು. ಕಾರಣ ಕಾಣಲಿಲ್ಲ ಅನ್ನೋದರಿಂದ ಕಾರಣ ಇಲ್ಲ ಅಂತ ಹೇಳಬೇಕಾದ್ರೆ, ಇದ್ದಿದ್ರೆ ಕಾಣಿಸ್ತಿತ್ತು ಅನ್ನೋ ಖಾತ್ರಿ ಬೇಕು. ಬೆಟ್ಟದಿಂದ ಬಂದವರು ಕಾಲಿನ ಮೇಲೊಮ್ಮೆ ಕಣ್ಣಾಡಿಸಿ ಉಣುಗಿಲ್ಲ ಅಂದ್ರೆ ನಂಬ್ತೀರಾ? ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ ಅಂತೀರಿ. ರಾಗಿ ಕಾಳಿನಷ್ಟಿರೋದು ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ದೇವರ ಕಾರಣಗಳೂ ನಮ್ಮ ಕಣ್ಣಿಗೆ ಹಾಗೇ ಇರಬಹುದು.

ಉತ್ತರ ನಿಲ್ಲುತ್ತೆ, ನಾನು ಒಪ್ತೀನಿ. ಆದ್ರೆ ಇದಕ್ಕೆ ಕೊಡಬೇಕಾದ ಬೆಲೆಯನ್ನ ನಮ್ಮ ಸಭೆಗಳಲ್ಲಿ ಯಾರೂ ಹೇಳಲ್ಲ. ದೇವರ ಕಾರಣ ನಮಗೆ ಕಾಣಲ್ಲ ಅಂದ್ರೆ ಕೆಟ್ಟದ್ದಾದಾಗಲೂ ಕಾಣಲ್ಲ, ಒಳ್ಳೇದಾದಾಗಲೂ ಕಾಣಲ್ಲ. ಭಾನುವಾರ ಸಾಕ್ಷಿ ಹೇಳೋವಾಗ ‘ಬಸ್ಸು ತಪ್ಪಿತು, ಆ ಬಸ್ಸು ಘಾಟಿಯಲ್ಲಿ ಉರುಳಿತು, ದೇವರು ನನ್ನನ್ನ ಒಂದು ಉದ್ದೇಶಕ್ಕೆ ಉಳಿಸಿದ’ ಅಂತೀವಿ. ಬಸ್ಸಲ್ಲಿದ್ದವರ ವಿಷಯ ಕೇಳಿದ್ರೆ ‘ದೇವರ ಮಾರ್ಗ ಯಾರಿಗೆ ಗೊತ್ತು’ ಅಂತೀವಿ. ಒಂದೇ ಘಟನೆಯಲ್ಲಿ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಕೃತಜ್ಞತೆ ಹೇಳಿ, ಬೇಡ ಅನ್ನಲ್ಲ. ದೇವರ ಉದ್ದೇಶದ ವಿವರಣೆ ಕೊಡಬೇಡಿ. ಅದು ನಿಮ್ಮ ಹತ್ರ ಇಲ್ಲ.

ಬೈಬಲ್ ಕೂಡ ಅದನ್ನ ಕೊಡಲ್ಲ, ಇದನ್ನ ಸಂದೇಹವಾದಿಗಳಿಗಿಂತ ಹೆಚ್ಚು ಮರೆತಿರೋದು ಚರ್ಚಿನವರು. ತಪ್ಪು ಮಾಡದೆಯೂ ಆಸ್ತಿ, ಮಕ್ಕಳು ಎಲ್ಲ ಕಳೆದುಕೊಂಡ ಯೋಬನ ಗ್ರಂಥದಲ್ಲಿ 42 ಅಧ್ಯಾಯ. 38ರಿಂದ 41ರವರೆಗೆ ದೇವರೇ ಮಾತಾಡ್ತಾನೆ, ಯೋಬನ ಮಕ್ಕಳು ಯಾಕೆ ಸತ್ತರು ಅಂತ ಒಂದೇ ಒಂದು ವಾಕ್ಯ ಇಲ್ಲ. ಕಾಡುಕತ್ತೆ, ಉಷ್ಟ್ರಪಕ್ಷಿ, ಹದ್ದು, ಇವುಗಳನ್ನ ತೋರಿಸ್ತಾನೆ. 39ನೇ ಅಧ್ಯಾಯ ಮುಗಿಯೋದೇ ಹದ್ದಿನ ಮರಿಗಳು ರಕ್ತ ಹೀರೋದರಲ್ಲಿ. ಆ ದೇವರು ಕಾಡಿನ ಕ್ರೌರ್ಯವನ್ನ ಮುಚ್ಚಿಡಲ್ಲ, ಅದಕ್ಕೆ ಸಮಜಾಯಿಷಿಯನ್ನೂ ಕೊಡಲ್ಲ. ನನಗೆ ಇದು ಸಮಾಧಾನದ ಉತ್ತರ ಅನ್ನಿಸಲ್ಲ. ಆದ್ರೆ ಸುಳ್ಳು ಉತ್ತರವೂ ಅಲ್ಲ. 42:7ರಲ್ಲಿ ದೇವರು ಬೈಯೋದು ಪ್ರಶ್ನೆ ಕೇಳಿದ ಯೋಬನನ್ನಲ್ಲ, ಉತ್ತರ ಗೊತ್ತಿದೆ ಅಂತ ಬಂದ ಸ್ನೇಹಿತರನ್ನ.

ಆ ಸ್ನೇಹಿತರು ಮೊದಲ ಏಳು ದಿನ ಸರಿಯಾಗೇ ಇದ್ದರು. ಬಂದರು, ನೆಲದ ಮೇಲೆ ಕೂತರು, ಮಾತಾಡಲಿಲ್ಲ. ಬಾಯಿ ತೆಗೆದ ಮೇಲೆ ಕೆಟ್ಟಿದ್ದು. ಸಾವಾದ ಮನೆಗೆ ಹೋಗೋರು ಅಷ್ಟನ್ನ ಇಟ್ಟುಕೊಂಡ್ರೆ ಸಾಕು. ‘ದೇವರ ಚಿತ್ತ’ ಅನ್ನಬೇಡಿ, ‘ಒಳ್ಳೆಯವರನ್ನ ಬೇಗ ಕರ್ಕೋತಾನೆ’ ಅಂತೂ ಬೇಡವೇ ಬೇಡ, ಉಳಿದವರಿಗೆ ಅದು ಬೈಗುಳ. ಓದಲೇಬೇಕು ಅಂದ್ರೆ ಎಲ್ಲರೂ ಓದೋ, ಭರವಸೆ ಹೇಳೋ 23ನೇ ಕೀರ್ತನೆ ಆ ದಿನಕ್ಕೆ ಬೇಡ, 88 ಓದಿ. 18 ವಚನ, ನಿಧಾನ ಓದಿದ್ರೂ ಮೂರು ನಿಮಿಷ. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಭರವಸೆಗೆ ತಿರುಗ್ತವೆ, ಇದು ತಿರುಗಲ್ಲ, ಕತ್ತಲಲ್ಲೇ ಮುಗಿಯುತ್ತೆ. ಓದಿದ ಮೇಲೆ ವ್ಯಾಖ್ಯಾನ ಮಾಡಬೇಡಿ. ಇನ್ನು ಜ್ವರದ ಮನೆಗೆ ಪ್ರಾರ್ಥನೆಗೆ ಹೋದ್ರೆ, ಬೆಟ್ಟಕ್ಕೆ ಹೋಗಿದ್ರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಅಂತ ಮೊದಲು ಕೇಳಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. ಶುರುವಿನ ದಿನಗಳಲ್ಲಿ ರಕ್ತ ಕೊಟ್ರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ಸಿಗುತ್ತೆ. ಇದಕ್ಕೇ ಅಂತ ಔಷಧಿ ಇಲ್ಲ, ಆದ್ರೆ ನೀರಿನಂಶ, ರಕ್ತಸ್ರಾವ ನೋಡಿಕೊಳ್ಳೋ ಆಸ್ಪತ್ರೆ ಬೇಕು. ಉಪವಾಸ ಪ್ರಾರ್ಥನೆ ಅಂತ ರೋಗಿಯನ್ನ ಮನೇಲೇ ಇಟ್ಕೊಂಡ್ರೆ ಅದನ್ನ ನಂಬಿಕೆ ಅಂತ ನಾನು ಕರೆಯಲ್ಲ.

ಇಷ್ಟೆಲ್ಲ ಆದಮೇಲೆ ಯಾಕೆ ನಂಬ್ತೀರಿ ಅಂತ ಕೇಳಬಹುದು. ಕೆಡುಕಿಗೆ ವಿವರಣೆ ಸಿಕ್ಕಿದೆ ಅಂತ ಅಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ತಾನೇ ಪಣ ಇಡ್ತಾನೆ: ಕ್ರಿಸ್ತ ಸತ್ತವರೊಳಗಿಂದ ಎದ್ದಿಲ್ಲದಿದ್ರೆ ನಿಮ್ಮ ನಂಬಿಕೆ ವ್ಯರ್ಥ. ಕ್ರೈಸ್ತ ನಂಬಿಕೆ ನಿಲ್ಲೋದೂ ಬೀಳೋದೂ ಅಲ್ಲಿ. ಅಲ್ಲೂ ಸವಾಲುಗಳು ಸಣ್ಣವಲ್ಲ. ಮುಂದಿನ ಸಂಚಿಕೆಗೆ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ಓದಿಕೊಂಡು ಬನ್ನಿ. 9ರಿಂದ 20ರವರೆಗಿನ ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಕೈಬರಹದ ಪ್ರತಿಗಳಲ್ಲಿ, ಸಿನಾಯ್ಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ, ಇಲ್ಲವೇ ಇಲ್ಲ. ಅದರಿಂದ ಏನು ಹೋಗುತ್ತೆ, ಏನು ಉಳಿಯುತ್ತೆ ಅಂತ ಅವತ್ತು ನೋಡೋಣ.