ಅಮ್ಮನ ಅಂದಾಜಿಗೊಂದು ತಕ್ಕಡಿ

ತೆರೆಯ ಮೇಲೆ ಈಗ ಕಾಣುತ್ತಿರುವುದು ನಮ್ಮಮ್ಮನ ಕೈ. ಪಕ್ಕದಲ್ಲಿ ಬಿಳಿ ತಟ್ಟೆಯ ಹಾಗೆ ಕಾಣುವುದು ನಾನು ಬೆಂಗಳೂರಿನಿಂದ ಹೊತ್ತು ತಂದ ಡಿಜಿಟಲ್ ತಕ್ಕಡಿ. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ತೋರಿಸುತ್ತದೆ. ಅದನ್ನು ಚೀಲದಿಂದ ಹೊರತೆಗೆದಾಗ ಅಮ್ಮ ಕೇಳಿದ್ದು ಇಷ್ಟೇ: "ಚಿನ್ನ ಏನಾದರೂ ತಂದಿದ್ದೀಯೇನೋ?"

ಇದರ ಹಿಂದೆ ಒಂದು ಜಗಳವಿದೆ. ಕಚೇರಿಯಲ್ಲಿ ಊಟದ ಡಬ್ಬಿ ತೆರೆದು ಕುಳಿತಿದ್ದಾಗ ಸಹೋದ್ಯೋಗಿಯೊಬ್ಬರು ಒಂದು ಮಾತು ಎಸೆದರು. "ಮನೆ ಅಡುಗೆಯ ರುಚಿ ಎನ್ನುವುದೆಲ್ಲ ನಾಲಿಗೆಯ ರೂಢಿ. ನಿಜವಾಗಿ ಅಡುಗೆ ಬಲ್ಲವನು ಹೋಟೆಲಿನ ಭಟ್ಟ. ಬೆಳಗಿನಿಂದ ರಾತ್ರಿಯವರೆಗೆ ದೋಸೆ ಹುಯ್ದರೂ ಮೊದಲನೆಯದು, ಕೊನೆಯದು ಒಂದೇ ಥರ ಇರುತ್ತದೆ. ಮನೆಯಲ್ಲಿ ಇವತ್ತು ಉಪ್ಪು ಮುಂದೆ, ನಾಳೆ ಹುಳಿ ಮುಂದೆ. ತಿನ್ನುವವರು ಬಾಯಿ ಮುಚ್ಚಿಕೊಂಡು ತಿನ್ನುತ್ತಾರೆ." ನನಗೆ ಸಿಟ್ಟು ಬಂತು. ಆದರೆ ಎದುರಾಡುವ ಧೈರ್ಯ ಬರಲಿಲ್ಲ. ಆ ದಿನ ನನ್ನ ಡಬ್ಬಿಯಲ್ಲಿದ್ದ ಸಾರು ಉಪ್ಪಿನ ಕಷಾಯದಂತಿತ್ತು, ಮಾಡಿದವನು ನಾನೇ.

ಹಾಗಾಗಿ ಡಿಸೆಂಬರಿನಲ್ಲಿ ಮೂರು ದಿನ ರಜೆ ಹಾಕಿ ಮಂಡ್ಯದ ಹತ್ತಿರದ ನಮ್ಮೂರಿಗೆ ಹೊರಟೆ. ಪರೀಕ್ಷೆಗೆ ಆರಿಸಿದ್ದು ಅಮ್ಮ ದಿನವೂ ಮಾಡುವ ರಾಗಿ ಮುದ್ದೆ, ಬಸ್ಸಾರು. ನಿಯಮ ಸರಳ. ಅವಳು ಏನನ್ನೂ ಅಳೆಯಬಾರದು, ಎಂದಿನಂತೆ ಕೈಗೆ ಬಂದಷ್ಟು ತೆಗೆದುಕೊಳ್ಳಬೇಕು. ಪಾತ್ರೆಗೆ ಬೀಳುವ ಮುಂಚೆ ನಾನು ತೂಗಿ ಬರೆದುಕೊಳ್ಳಬೇಕು. ತಕ್ಕಡಿಯ ಅಂಕಿ ಅವಳಿಗೆ ಕಾಣದಂತೆ ಮಧ್ಯೆ ಒಂದು ಮೊರ ಅಡ್ಡ ಇಟ್ಟಿದ್ದೆ. ಆ ಮೊರವೂ ದೃಶ್ಯದಲ್ಲಿ ಅಲ್ಲಲ್ಲಿ ಅಡ್ಡ ಬಂದಿದೆ, ಸಹಿಸಿಕೊಳ್ಳಿ.

ದಾರಿಯ ಈ ತುಣುಕನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಎಡಗಡೆ ಹಸಿರಾಗಿ ಕಾಣುವುದು ನಾಲೆ ನೀರಿನ ಗದ್ದೆ, ಅದರಾಚೆ ಕಬ್ಬು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಈ ಸೀಮೆಯ ಹೊಲಗಳ ಬಣ್ಣವೇ ಬದಲಾಯಿತು, ಆದರೆ ರಾತ್ರಿಯ ತಟ್ಟೆಯಿಂದ ರಾಗಿ ಹೋಗಲಿಲ್ಲ. ಮಂಡ್ಯದ ಬಳಿಯ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಹೊಸ ತಳಿಗಳನ್ನು ಬೆಳೆಸಿದ್ದು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಅವುಗಳ ಹೆಸರು 'ಇಂಡಾಫ್' ಎಂದಾಯಿತು. ರಾಗಿಯ ಮೂಲವೂ ಪೂರ್ವ ಆಫ್ರಿಕಾವೇ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಕಾಳಿಗೆ ಲಕ್ಷ್ಮಣಯ್ಯನವರು ಮತ್ತೆ ತವರಿನ ಸಂಬಂಧ ಬೆಳೆಸಿದರು ಎನ್ನಬಹುದು. ನಮ್ಮೂರಿನ ಹಿರಿಯರು ಅವರನ್ನು ಇಂದಿಗೂ ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಾರೆ.

ಈಗ ಒಲೆಯ ಹತ್ತಿರ ಬನ್ನಿ.

ಎಸರಿಗೆ ಅಮ್ಮ ಇಟ್ಟ ನೀರು ಮೊದಲ ದಿನ 790 ಮಿಲಿಲೀಟರ್. ಎರಡನೇ ದಿನ 810. ಮೂರನೇ ದಿನ 800. ಅವಳು ನೀರು ಹುಯ್ಯುವುದು ಬಾಯಿ ಅಗಲವಾದ ತಂಬಿಗೆಯಿಂದ, ಅದೂ ಹಿತ್ತಲಿನಲ್ಲಿ ಯಾರೊಂದಿಗೋ ಮಾತನಾಡುತ್ತಾ. ಹಿಟ್ಟು ಇನ್ನೂ ಚೆನ್ನ. ಡಬ್ಬಿಯಿಂದ ಬೊಗಸೆ ಬೊಗಸೆಯಾಗಿ ಮೊರಕ್ಕೆ ಹಾಕಿಕೊಂಡದ್ದು 402, 411, 398 ಗ್ರಾಂ. ಮೂರನೇ ದಿನ 398 ಬಂದಾಗ ತಕ್ಕಡಿ ಕೆಟ್ಟಿದೆಯೇನೋ ಎಂದು ನನ್ನ ಮೊಬೈಲ್ ಇಟ್ಟು ನೋಡಿದೆ. ಕೆಟ್ಟಿರಲಿಲ್ಲ. ಕಟ್ಟಿದ ನಾಲ್ಕು ಮುದ್ದೆಗಳನ್ನೂ ಬಿಡಲಿಲ್ಲ, ಬಿಸಿಬಿಸಿಯಾಗಿಯೇ ತೂಗಿದೆ. 278, 281, 276, 284. "ಅದು ನಿಮ್ಮಪ್ಪನದು," ಎಂದಳು ಕೊನೆಯದನ್ನು ತೋರಿಸಿ, ಅಂಕಿಯನ್ನು ನೋಡದೆ.

ಈ ಅಂಕಿಗಳನ್ನು ಸಹೋದ್ಯೋಗಿಗೆ ಕಳಿಸಿ ಗೆದ್ದೆ ಎಂದು ಮಲಗಬಹುದಿತ್ತು. ಆದರೆ ನನ್ನ ಕಣ್ಣು ತೆರೆಸಿದ್ದು ಮುದ್ದೆಯಲ್ಲ, ಬಸ್ಸಾರು. ಅಲ್ಲಿ ಅಂಕಿಗಳು ಹೊಂದಲೇ ಇಲ್ಲ.

ಬಸ್ಸಾರು ಗೊತ್ತಿಲ್ಲದವರಿಗೆ ಎರಡು ಮಾತು. ಬೇಳೆ ಅಥವಾ ಕಾಳನ್ನು ಸೊಪ್ಪಿನೊಂದಿಗೆ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ಕಟ್ಟಿಗೆ ಮಸಾಲೆ ಅರೆದು ಹಾಕಿ ಕುದಿಸಿದರೆ ಸಾರು. ಉಳಿದ ಬೇಳೆ, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ. ಸೊಪ್ಪಿನ ಸತ್ವದಲ್ಲಿ ನೀರಿಗೆ ಇಳಿದದ್ದು ಚರಂಡಿಗೆ ಹೋಗದೆ ತಟ್ಟೆಗೇ ಬರುತ್ತದೆ. ಇದನ್ನು ಕಂಡುಹಿಡಿದವಳು ಯಾರೋ, ಅವಳ ಮನೆಯಲ್ಲಿ ಸೌದೆಯೂ ಕಡಿಮೆ ಇತ್ತು, ಬೇಳೆಯೂ ಕಡಿಮೆ ಇತ್ತು ಎಂದು ನನ್ನ ಊಹೆ.

ಕಷ್ಟವಿರುವುದು ಬೇಯಿಸುವುದರಲ್ಲಿ. ಬೇಳೆ ನುಣ್ಣಗಾದರೆ ಕಟ್ಟು ಕದಡಿ ಗಂಜಿಯಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಬೇಯದೆ ಉಳಿದರೆ ಕಟ್ಟಿಗೆ ಏನೂ ಇಳಿದಿರುವುದಿಲ್ಲ. ಬೇಳೆ ಇಡಿಯಾಗಿರಬೇಕು, ಆದರೆ ಬೆರಳಲ್ಲಿ ಒತ್ತಿದರೆ ನಜ್ಜಾಗಬೇಕು. ಇಲ್ಲಿ ನೋಡಿ, ಅಮ್ಮ ಸೌಟಿನಲ್ಲಿ ನಾಲ್ಕು ಬೇಳೆ ಎತ್ತಿ, ಊದಿ, ಹೆಬ್ಬೆರಳು ತೋರುಬೆರಳ ನಡುವೆ ಒಂದನ್ನು ಒತ್ತುತ್ತಾಳೆ. ಮುಖ ಕಿವುಚುತ್ತಾಳೆ. ಮತ್ತೆ ಎರಡು ನಿಮಿಷ. ಮತ್ತೆ ಒತ್ತುತ್ತಾಳೆ. ಈಗ ದಂಟಿನ ಸೊಪ್ಪು ಪಾತ್ರೆಗೆ ಬಿತ್ತು. ಮೊದಲ ದಿನ ಬೇಳೆ ಇಟ್ಟು ಸೊಪ್ಪು ಹಾಕುವವರೆಗೆ ಹದಿನೆಂಟು ನಿಮಿಷ. ಎರಡನೇ ದಿನ, ಅದೇ ಡಬ್ಬಿಯ ಬೇಳೆ, ಬೆರಕೆ ಸೊಪ್ಪು, ಇಪ್ಪತ್ತೈದು ನಿಮಿಷ. "ಯಾಕಮ್ಮ?" ಎಂದರೆ, "ನಿನ್ನೆ ನೆನೆಹಾಕಿದ್ದೆ, ಇವತ್ತು ಮರೆತೆ," ಎಂದಳು. ನಾನು ನಿಮಿಷ ಎಣಿಸುತ್ತಿದ್ದೆ, ಅವಳು ಬೇಳೆಯನ್ನು ನೋಡುತ್ತಿದ್ದಳು.

ಮಸಾಲೆಯಲ್ಲಂತೂ ನನ್ನ ಪುಸ್ತಕ ಪೂರ್ತಿ ಗೊಂದಲವಾಯಿತು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಒಣಮೆಣಸಿನಕಾಯಿ, ತೆಂಗಿನಕಾಯಿ, ಹುಣಸೆಹಣ್ಣು, ಅದರ ಜೊತೆಗೆ ಬೆಂದ ಬೇಳೆ, ಸೊಪ್ಪು ಒಂದು ಸೌಟು. ಹುಣಸೆಹಣ್ಣು ಮೊದಲ ದಿನ 18 ಗ್ರಾಂ, ಎರಡನೇ ದಿನ 11. ಸಿಕ್ಕಿಬಿದ್ದಳು ಎಂದುಕೊಂಡೆ. ಆಮೇಲೆ ವಿಡಿಯೊ ಹಿಂದಕ್ಕೆ ಓಡಿಸಿ ನೋಡಿದರೆ ಎರಡನೇ ದಿನ ಮಸಾಲೆಗೆ ಎರಡು ನಾಟಿ ಟೊಮೆಟೊ ಬಿದ್ದಿದ್ದವು. ಮೆಣಸಿನಕಾಯಿಯೂ ಹಾಗೆಯೇ. ಮೊದಲ ದಿನ ಏಳು, ಮೂರನೇ ದಿನ ನಾಲ್ಕು. ಬ್ಯಾಡಗಿ ಮುಗಿದು ಗುಂಟೂರಿನದು ತೆರೆದಿದ್ದಳು. ಬ್ಯಾಡಗಿ ಬಣ್ಣ ಹೆಚ್ಚು ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಹಾಗಲ್ಲ, ನಾಲ್ಕೇ ಸಾಕು ಕಣ್ಣಲ್ಲಿ ನೀರು ತರಿಸಲು. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಸೂಚಕದ, ಅಂದರೆ ಆ ಸೀಮೆಯದೇ ವಿಶೇಷ ಬೆಳೆ ಎಂಬ ಮಾನ್ಯತೆ ಸಿಕ್ಕಿತು. ಅಮ್ಮನಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಿಲ್ಲ. ಮೆಣಸಿನಕಾಯಿಯ ಸುಕ್ಕು ನೋಡಿದರೆ ಅವಳಿಗೆ ಸಾಕು.

ಮೂರು ದಿನದ ಸಾರನ್ನೂ ಒಂದೊಂದು ಲೋಟ ಎತ್ತಿಟ್ಟು, ಕೊನೆಯ ದಿನ ಅಪ್ಪನಿಗೂ ಪಕ್ಕದ ಮನೆಯ ಅತ್ತೆಗೂ ಬಿಸಿ ಮಾಡಿ ಕೊಟ್ಟೆ. ಯಾವುದು ಯಾವ ದಿನದ್ದು ಹೇಳಿ ಎಂದೆ. ಅತ್ತೆ ಮೂರನ್ನೂ ಚಪ್ಪರಿಸಿ, "ಎಲ್ಲ ನಿಮ್ಮಮ್ಮನದೇ ಅಲ್ಲವೇನಪ್ಪ?" ಎಂದರು. ಅಪ್ಪ ಉತ್ತರ ಕೊಡದೆ ಮೂರೂ ಲೋಟ ಖಾಲಿ ಮಾಡಿದರು.

ಹೋಟೆಲ್ ಭಟ್ಟರ ಮೇಲೆ ನನಗೆ ಗೌರವವಿದೆ. ಆದರೆ ಅವರಿಗೆ ಬರುವುದು ಒಂದೇ ಅಂಗಡಿಯ ಅಕ್ಕಿ, ಒಂದೇ ಗಿರಣಿಯ ಹಿಟ್ಟು, ಒಂದೇ ಉರಿಯ ಒಲೆ. ಮನೆಯಲ್ಲಿ ಪ್ರತಿದಿನ ಸಾಮಾನು ಬೇರೆ. ಸಂತೆಯಲ್ಲಿ ಸಿಕ್ಕ ಸೊಪ್ಪು, ನೆಂಟರು ಕೊಟ್ಟ ಕಾಯಿ, ಅರ್ಧಕ್ಕೆ ಮುಗಿಯುವ ಸಿಲಿಂಡರ್. ಬೇರೆ ಬೇರೆ ಸಾಮಾನಿನಿಂದ ಒಂದೇ ರುಚಿ ತೆಗೆಯುವುದು ದೊಡ್ಡದೋ, ಒಂದೇ ಸಾಮಾನಿನಿಂದ ತೆಗೆಯುವುದು ದೊಡ್ಡದೋ, ಸಹೋದ್ಯೋಗಿಗೇ ಬಿಡುತ್ತೇನೆ. ಇನ್ನೊಂದು ವಿಷಯ. ನಮ್ಮೂರಿನ ಗಂಡಸರು ಮನೆಯಲ್ಲಿ ಒಲೆ ಮುಟ್ಟುವುದಿಲ್ಲ. ಅವರೇ ಹಬ್ಬದ ಬಾಡೂಟಕ್ಕೆ ಇನ್ನೂರು ಜನಕ್ಕೆ ಬೇಯಿಸಿ ಬಡಿಸುತ್ತಾರೆ. ಅಡುಗೆ ಬರುವುದಿಲ್ಲ ಎಂದು ಯಾರಾದರೂ ಗಂಡಸರು ಹೇಳಿದರೆ ನಾನು ಇನ್ನು ನಂಬುವುದಿಲ್ಲ, ನನ್ನೊಬ್ಬನನ್ನು ಬಿಟ್ಟು.

ಏಕೆಂದರೆ ಮುಂದಿನ ದೃಶ್ಯ ನನ್ನದು. ಬೆಂಗಳೂರಿನ ಬಾಡಿಗೆ ಮನೆ, ಬರೆದುಕೊಂಡ ಅಂಕಿ, ಅದೇ ತಕ್ಕಡಿ. ನೀರು 800, ಹಿಟ್ಟು 400. ಕುದಿಯುವ ನೀರಿಗೆ ಹಿಟ್ಟು ಸುರಿದೆ, ಕೋಲು ಹಾಕಿ ತಿರುಗಿಸಿದೆ. ಈಗ ಹತ್ತಿರದಿಂದ ನೋಡಿ. ಮುರಿದ ಮುದ್ದೆಯ ನಡುವೆ ನೆಲ್ಲಿಕಾಯಿ ಗಾತ್ರದ ಗಂಟು, ಒಡೆದರೆ ಒಳಗೆ ಒಣ ಹಿಟ್ಟು, ಅಂಗಡಿಯಿಂದ ತಂದ ಹಾಗೆಯೇ ಪುಡಿಪುಡಿ. ಗಂಟು ಏಕಾಗುತ್ತದೆ ಎಂಬುದು ಸ್ಪಷ್ಟ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ರಾಗಿಯಲ್ಲಿ ಇಲ್ಲ. ಮುದ್ದೆಯನ್ನು ಹಿಡಿದಿಡುವುದು ಬೆಂದ ಪಿಷ್ಟ. ಹಿಟ್ಟಿನ ಗುಪ್ಪೆ ಬಿಸಿ ನೀರಿಗೆ ಬಿದ್ದೊಡನೆ ಕದಡಿದರೆ ಅದರ ಹೊರಮೈ ತಕ್ಷಣ ಬೆಂದು ಅಂಟಿನ ಗೋಡೆಯಾಗುತ್ತದೆ, ಒಳಗೆ ನೀರು ಹೋಗುವುದಿಲ್ಲ.

ಅಮ್ಮನಿಗೆ ಫೋನ್ ಮಾಡಿ ಮುಖ ಉಳಿಸಿಕೊಳ್ಳಲು ಒಂದು ಕಾರಣ ಹೇಳಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ನೂರಕ್ಕಲ್ಲ, 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅದಕ್ಕೇ ಹೀಗಾಗಿರಬೇಕು ಎಂದೆ. "ನಿನ್ನ ಅತ್ತಿಗೆಯೂ ಅದೇ ಬೆಂಗಳೂರಿನಲ್ಲಿ ಮುದ್ದೆ ಮಾಡುತ್ತಾಳಲ್ಲ," ಎಂದಳು. ಆಮೇಲೆ ಕೇಳಿದಳು, "ಹಿಟ್ಟು ಸುರಿದ ಮೇಲೆ ಎಷ್ಟು ಹೊತ್ತು ಮುಟ್ಟದೆ ಬಿಟ್ಟೆ?"

ಬಿಟ್ಟಿರಲೇ ಇಲ್ಲ.

ಮೂರು ದಿನವೂ ಅದು ನನ್ನ ಕಣ್ಣೆದುರಿಗೇ ನಡೆದಿತ್ತು, ಚಿತ್ರೀಕರಣವೂ ಆಗಿತ್ತು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ ತೆಳ್ಳಗೆ ಅಂಬಲಿಯಾಗಿಸುತ್ತಾಳೆ. ಅದು ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗೋಪುರದಂತೆ ಸುರಿಯುತ್ತಾಳೆ. ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಉರಿ ಸಣ್ಣದು ಮಾಡಿ ಬಿಡುತ್ತಾಳೆ. ತೂತಿನಿಂದ ಎಸರು ಮೇಲೆದ್ದು ಹಿಟ್ಟಿನ ಮೇಲೆ ಹರಿಯುತ್ತದೆ, ಗುಳುಗುಳು ಶಬ್ದ ಬರುತ್ತದೆ. ಐದಾರು ನಿಮಿಷ ಅವಳು ಆ ಕಡೆ ತಿರುಗಿಯೂ ನೋಡುವುದಿಲ್ಲ. ಪಲ್ಯಕ್ಕೆ ಕಾಯಿ ತುರಿಯುತ್ತಾಳೆ. ನಾನು ತೂಗಲು ಏನೂ ಇಲ್ಲದ್ದರಿಂದ ಆ ನಿಮಿಷಗಳನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ. ಹಸಿ ವಾಸನೆ ಹೋದ ಮೇಲಷ್ಟೇ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು ಕೋಲನ್ನು ತಿರುವುತ್ತಾಳೆ. ಇಡೀ ಮೈ ಭಾರ ಬಿಟ್ಟು. ಒದ್ದೆ ಬೆರಳು ಮುಟ್ಟಿದರೆ ಅಂಟದಿದ್ದಾಗ ಮಣೆಯ ಮೇಲೆ ಸುರಿದು, ಕೈ ಅದ್ದಿ ಅದ್ದಿ ಕಟ್ಟುತ್ತಾಳೆ.

ಎರಡನೇ ಸಲ ಬಿಟ್ಟೆ. ತಳ ಹತ್ತಿತು. ಮೂರನೇ ಸಲ ಗಂಟು ಕಡಲೆಕಾಯಿ ಗಾತ್ರಕ್ಕೆ ಇಳಿಯಿತು. ನಾಲ್ಕನೆಯದನ್ನು ನನ್ನ ಮಗಳು ಸಾರಿನಲ್ಲಿ ಅದ್ದಿ ಜಗಿಯದೆ ನುಂಗಿದಳು, ತಾತನ ಹಾಗೆ. ಆದರೆ ತಟ್ಟೆಯ ಅಂಚಿನಲ್ಲಿ ಮೂರು ಸಣ್ಣ ಗಂಟುಗಳನ್ನು ಸಾಲಾಗಿ ಇಟ್ಟಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಊರಿನಿಂದ ಬಂದವರ ಕೈಯಲ್ಲಿ ಅಮ್ಮ ಐದು ಕಿಲೋ ಹಿಟ್ಟು ಕಳಿಸಿದ್ದಾಳೆ. ಈ ಸಲದ ಸುಗ್ಗಿಯ ಹೊಸ ರಾಗಿ. ಇಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದಳು: "ಹಳೇ ಹಿಟ್ಟು ಕುಡಿದಷ್ಟೇ ನೀರನ್ನು ಇದೂ ಕುಡಿಯುತ್ತದೆ ಎಂದುಕೊಳ್ಳಬೇಡ. ನಿನ್ನ ಆ ಚೀಟಿ ಎತ್ತಿಡು, ನೋಡಿಕೊಂಡು ಹಾಕು." ಏನನ್ನು ನೋಡಬೇಕು ಎಂದು ಕೇಳುವಷ್ಟರಲ್ಲಿ ಹಾಲಿನವನು ಬಂದ ಎಂದು ಫೋನ್ ಇಟ್ಟಳು.

ಎಸರು ಕುದಿಯುತ್ತಿದೆ, ಕೇಳಿಸುತ್ತಿರಬೇಕು ನಿಮಗೂ. ಹಿಟ್ಟು ಸುರಿದು, ತೂತು ಮಾಡಿ, ಐದು ನಿಮಿಷ ಬಿಟ್ಟಿದ್ದೇನೆ. ಗುಳುಗುಳು ನಿಂತಿತು. ತಿರುವಲು ಎರಡೂ ಕೈ ಬೇಕು, ಕ್ಯಾಮೆರಾ ಹಿಡಿಯುವವರು ಯಾರೂ ಇಲ್ಲ. ಆಫ್ ಮಾಡುತ್ತಿದ್ದೇನೆ.